ಇಳಿತದ ಹೊತ್ತು

ಬೆಳಗಿನ ಐದೂ ಹತ್ತಕ್ಕೆ ಅಪ್ಪಾಸಾಹೇಬನ ರಿಕ್ಷಾ ಬಂದು ಕೆಳಗೆ ನಿಂತಿತು. ಸ್ವಾರಗೇಟ್ ನಿಲ್ದಾಣದಿಂದ ಕಡಲತೀರದ ಶ್ರೀವರ್ಧನಕ್ಕೆ ಬಸ್ಸು ಆರಕ್ಕೆ. ಮಂಜರಿ ಚೀಲ ಹೆಗಲಿಗೇರಿಸಿ, ಹಿಂದಿನ ದಿನ ಕ್ಯಾಂಪಿನ ಪೇಟೆಯಲ್ಲಿ ಕೊಂಡ ರಬ್ಬರ್ ಬೂಟುಗಳನ್ನು ಕೈಯಲ್ಲಿ ಹಿಡಿದು ಹೊರಟಿದ್ದಳು. ಅವಳ ತಾಯಿ ಸುಲಭಾ ಬಾಗಿಲಿಗೆ ಅಡ್ಡ ನಿಂತಿದ್ದರು.

"ಇವತ್ತ ಅಮಾಸಿ ಅದ. ಅಮಾಸಿ ದಿವಸ ಹುಡುಗೂರನ್ನ ಸಮುದ್ರದಾಗ ಇಳಸ್ತಾರಂತ. ಅವರಿಗೆ ಬ್ಯಾರೆ ದಿವಸನ ಸಿಗಲಿಲ್ಲೇನು?"

"ಅಮಾಸಿ ಅಂತನ ಇವತ್ತ ಇಟ್ಟಾರವ್ವಾ. ಇವತ್ತ ಸಂಜಿಗೆ ನೀರು ಭಾಳ ಹಿಂದ ಸರೀತದ, ಬಂಡೆಗಲ್ಲೆಲ್ಲಾ ತೆರಕೋತಾವ. ಅಲ್ಲೆ ನಿಂತು ಕಡಲಪಾಚಿ ಗುರ್ತಿಸಬೇಕು, ಹಗ್ಗಕ್ಕ ಕಟ್ಟಿ ತೋರಿಸಬೇಕು. ಅದ ಪರೀಕ್ಷಾ."

"ಪಾಚಿ ನಮ್ಮ ಬಚ್ಚಲದಾಗ ಬೇಕಾದಷ್ಟು ಅದ. ಬಂದು ನೋಡ್ರಿ ಅಂತ ಹೇಳು ಅವರಿಗೆ."

ಮಂಜರಿಗೆ ನಗು ಬಂತು. ಸುಲಭಾ ನಗಲಿಲ್ಲ. ಹಿಂದಿನ ರಾತ್ರಿ ಯುಗಾದಿಗೆ ಏನೇನು ತರಬೇಕೆಂದು ನೋಡುತ್ತಾ ಗೋಡೆಯ ಕ್ಯಾಲೆಂಡರಿನತ್ತ ಕಣ್ಣು ಹಾಯಿಸಿದಾಗಲೇ ಅವರಿಗೆ ತಿಥಿ ತಿಳಿದದ್ದು. ಆಗಿನಿಂದ ನಿದ್ದೆ ಮಾಡಿರಲಿಲ್ಲ. ಮದುವೆಗೆ ಮುಂಚೆ, ಗೋಕಾಕಿನಲ್ಲಿದ್ದಾಗ, ಅವರ ತಮ್ಮ ಒಂದು ಅಮಾವಾಸ್ಯೆಯ ದಿನ ಘಟಪ್ರಭೆಗೆ ಈಜಲು ಇಳಿದವನು ಮೇಲೆ ಬರಲಿಲ್ಲ. ಆ ಮಾತನ್ನು ಈ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

"ಅಪ್ಪಾ, ನೀವರ ಹೇಳ್ರಿ," ಎಂದಳು ಮಂಜರಿ.

ಮಾರ್ತಾಂಡರಾಯರು ಮೋಟಾರ್ ಸ್ಟ್ಯಾಂಡಿನವರೆಗೆ ಜೊತೆಗೆ ಹೋಗಲೆಂದು ಶರ್ಟು ತೊಟ್ಟು ಕೂತಿದ್ದರು. ಈ ತರಬೇತಿಯ ಜಾಹೀರಾತನ್ನು ಮರಾಠಿ ಪತ್ರಿಕೆಯಲ್ಲಿ ಮೊದಲು ನೋಡಿದವರು ಅವರೇ. ಕಡಲನ್ನು ಬರಿದು ಮಾಡದೆ ಅದರಿಂದ ಬದುಕುವ ಕೆಲಸಗಳಿಗೆ, ಕಡಲಪಾಚಿ ಬೆಳೆಸುವುದು, ಚಿಪ್ಪು ಸಾಕುವುದು ಇಂಥವಕ್ಕೆ, ಸರಕಾರ ಹಣ ಕೊಟ್ಟು ಹೊಸ ಹುಡುಗ ಹುಡುಗಿಯರನ್ನು ತಯಾರು ಮಾಡುತ್ತಿತ್ತು. ಒಂದು ವರ್ಷದ ಕಲಿಕೆ, ವಿದ್ಯಾರ್ಥಿವೇತನ, ಆಮೇಲೆ ಕರಾವಳಿಯ ಸಹಕಾರಿ ಸಂಘಗಳಲ್ಲಿ ಕೆಲಸ. ಇದ್ದದ್ದು ಇಪ್ಪತ್ತು ಜಾಗ. ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಎರಡು ವರ್ಷದಿಂದ ಮನೆಯಲ್ಲಿದ್ದ ಮಂಜರಿ ಲಿಖಿತ ಪರೀಕ್ಷೆ ದಾಟಿದ್ದಳು, ಸಂದರ್ಶನ ದಾಟಿದ್ದಳು. ಉಳಿದದ್ದು ಇದೊಂದೇ. ಮುಂದಿನ ಸಲಕ್ಕೆ ಅವಳ ವಯಸ್ಸು ಮಿತಿ ಮೀರುತ್ತಿತ್ತು.

ರಾಯರಿಗೆ ಅಮಾವಾಸ್ಯೆಯ ಭಯವಿರಲಿಲ್ಲ. ಆದರೆ ಹೆಂಡತಿಯ ಮುಖ ನೋಡಿ "ಹೋಗು" ಎನ್ನುವುದು ಅವರಿಗಾಗಲಿಲ್ಲ. ಅದಕ್ಕಿಂತ ಸುಲಭದ ದಾರಿಯೊಂದು ಅವರಿಗೆ ಕಂಡಿತು. ಮೂವತ್ತು ವರ್ಷ ಸರಕಾರಿ ನೌಕರಿ ಮಾಡಿದವರು ಅವರು. ಅಷ್ಟು ಕಾಲದಲ್ಲಿ ಹೇಳಿದ ದಿನ ನಡೆದ ಪರೀಕ್ಷೆಯನ್ನು, ಹೇಳಿದ ದಿನ ತೆರೆದ ಟೆಂಡರನ್ನು ಅವರು ಕಂಡದ್ದು ಕಡಿಮೆ.

"ನೋಡವಾ ಮಂಜರಿ," ಎಂದರು. "ನಾಳೆ ಯುಗಾದಿ, ಸರಕಾರಿ ಸೂಟಿ. ಹಬ್ಬದ ಹಿಂದಿನ ದಿವಸ ಎಷ್ಟ ಮಂದಿ ಬರತಾರ? ಅರ್ಧಾ ಮಂದಿನೂ ಬರೂದಿಲ್ಲ. ಮುಂದ ಹಾಕೇ ಹಾಕತಾರ. ಹತ್ತಕ್ಕ ಆಫೀಸ್ ತಗೀತದ, ನಾ ಫೋನ್ ಮಾಡಿ ಮಾತಾಡ್ತೀನಿ. ಹಬ್ಬಾ ಮುಗಿಸಿ ಹೋಗೀಯಂತ."

"ಖರೇನ ಮುಂದ ಹಾಕತಾರೇನ್ರಿ?"

"ಸರಕಾರ ಏನಂತ ನನಗ ಗೊತ್ತಿಲ್ಲೇನವಾ?"

ಮಂಜರಿ ಒಂದು ಕ್ಷಣ ಅವರನ್ನೇ ನೋಡಿದಳು. ಅರ್ಜಿಯ ಒಂದೊಂದು ಸಾಲನ್ನೂ ಅವರನ್ನು ಕೇಳಿಯೇ ತುಂಬಿದ್ದಳು. ಹೆಗಲಿನಿಂದ ಚೀಲ ಇಳಿಸಿದಳು.

ರಾಯರು ಬಾಲ್ಕನಿಯಿಂದ ಬಗ್ಗಿ, ಬೇಡವೆಂದು ಕೈಯಾಡಿಸಿದರು. "ಏನಾಯ್ತು, ಸಾಹೇಬ? ಸಮುದ್ರ ಬತ್ತಿತೇನು?" ಎಂದು ಅಪ್ಪಾಸಾಹೇಬ ಮರಾಠಿಯಲ್ಲಿ ಕೂಗಿ, ತನ್ನ ಮಾತಿಗೆ ತಾನೇ ನಕ್ಕು ಗಾಡಿ ತಿರುಗಿಸಿಕೊಂಡು ಹೋದ. ಸದಾಶಿವ ಪೇಠೆಯ ಆ ಓಣಿಯಲ್ಲಿ ಆಗಲೇ ಕೋಚಿಂಗ್ ಕ್ಲಾಸಿನ ಹುಡುಗರ ಸ್ಕೂಟರುಗಳು ಬಂದು ನಿಲ್ಲತೊಡಗಿದ್ದವು.

ಹತ್ತು ಗಂಟೆಗೆ ರಾಯರು ಮಲಗುವ ಕೋಣೆಯ ಬಾಗಿಲು ಮುಚ್ಚಿಕೊಂಡು ಫೋನ್ ಹಚ್ಚಿದರು. ಆ ಕಡೆ ಸಾಯಲಿ ಎಂಬ ಅಧಿಕಾರಿ. ದನಿಯಿಂದ ಚಿಕ್ಕ ವಯಸ್ಸಿನವರೆಂದು ತಿಳಿಯುತ್ತಿತ್ತು. ರಾಯರು ಮರಾಠಿಯಲ್ಲಿ, ತಮ್ಮ ಹಳೆಯ ಹುದ್ದೆಯನ್ನು ಮೊದಲು ಹೇಳಿ, ಹಬ್ಬದ ಮಾತೆತ್ತಿ, ಎರಡು ದಿನ ಅವಕಾಶ ಕೇಳಿದರು.

"ಇದು ನಮ್ಮ ಕೈಯಲ್ಲಿಲ್ಲ, ಕಾಕಾ," ಎಂದರು ಸಾಯಲಿ. "ಇವತ್ತು ಸಂಜೆ ನೀರು ಇಳಿದಾಗಲೇ ಬಂಡೆ ಸಿಗುವುದು. ಇನ್ನೊಮ್ಮೆ ಇಷ್ಟು ಇಳಿಯಲು ಹುಣ್ಣಿಮೆ ಬರಬೇಕು. ಅಷ್ಟರಲ್ಲಿ ಆಯ್ಕೆಪಟ್ಟಿ ಮೇಲಿನ ಕಚೇರಿಗೆ ಹೋಗಿರಬೇಕು. ಬಹಳಷ್ಟು ಮಂದಿ ರಾತ್ರಿಯೇ ಬಂದಿದ್ದಾರೆ. ಮಂಜರಿ ಸಂದರ್ಶನದಲ್ಲಿ ಚೆನ್ನಾಗಿ ಮಾಡಿದ್ದಳು, ನನಗೆ ನೆನಪಿದೆ. ಈಗಲೇ ಟ್ಯಾಕ್ಸಿ ಮಾಡಿ ಕಳಿಸಿ. ನಾಲ್ಕಕ್ಕೆ ಬಂದರೂ ತೆಗೆದುಕೊಳ್ಳುತ್ತೇವೆ."

"ಆಗಲಿ, ಆಗಲಿ," ಎಂದು ರಾಯರು ಫೋನ್ ಇಟ್ಟರು.

ಹಾಸಿಗೆಯ ಅಂಚಿಗೆ ಕೂತರು. ಘಟ್ಟ ಇಳಿದು ಹೋಗಲು ಐದು ತಾಸು ಸಾಕು. ಎದ್ದು ಬಾಗಿಲು ತೆಗೆದು "ತಯಾರಾಗು" ಎಂದರೆ ಮುಗಿಯಿತು. ಆದರೆ ಅಡುಗೆಮನೆಯಿಂದ ಸುಲಭಾ ಮಗಳೊಡನೆ ಮಾತಾಡುವುದು ಕೇಳುತ್ತಿತ್ತು. ಬೆಳಗಿನಿಂದ ಮೊದಲ ಸಲ ಅವರ ದನಿ ಸಡಿಲಾಗಿತ್ತು. ಹೂರಣಕ್ಕೆ ಬೇಳೆ ಬೇಯುವ ವಾಸನೆ ಬರುತ್ತಿತ್ತು. ಬೆಳಿಗ್ಗೆ ಅಷ್ಟು ಖಚಿತವಾಗಿ ಆಡಿದ ಮಾತನ್ನು ಈಗ ಹಿಂದಕ್ಕೆ ತೆಗೆದುಕೊಳ್ಳಬೇಕು, ಮತ್ತೆ ಬಾಗಿಲ ಬಳಿ ಅದೇ ಜಗಳ ನೋಡಬೇಕು. ಫೋನಿನಲ್ಲಿ ಮಾತಾಡಿದ ಆ ಹುಡುಗಿಗೇನು ಗೊತ್ತು, ಮೇಲಿನವರು ಹಬ್ಬದ ನಂತರ ಇನ್ನೊಂದು ದಿನ ಕೊಡದೇ ಇರುತ್ತಾರೆಯೇ ಎಂದು ತಮಗೆ ತಾವೇ ಹೇಳಿಕೊಂಡರು. ಹಾಗೆ ಹೇಳಿಕೊಳ್ಳುವಾಗಲೇ ಅದು ಸುಳ್ಳೆಂದು ಅವರಿಗೆ ತಿಳಿದಿತ್ತು.

ಹೊರಗೆ ಬಂದಾಗ ಮಂಜರಿ ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದಳು. "ಏನಂದ್ರು?"

"ಮಾತಾಡೀನಿ," ಎಂದರು ರಾಯರು. "ಹೇಳೀನಿ ಎಲ್ಲಾ."

ಅಷ್ಟು ಹೇಳಿ, ಮಾವಿನ ಎಲೆ, ಬೇವಿನ ಹೂವು ತರುತ್ತೇನೆಂದು ಚೀಲ ಹಿಡಿದು ಮಂಡಿಗೆ ಹೋದರು. ಹೂವಿನ ಸಾಲಿನಲ್ಲಿ ನಿಲ್ಲಲು ಜಾಗವಿರಲಿಲ್ಲ. ಬೇಕಾದ್ದು ಸಿಕ್ಕ ಮೇಲೂ ಅವರು ಸುತ್ತುತ್ತಲೇ ಇದ್ದರು. ಹನ್ನೆರಡರ ಹೊತ್ತಿಗೆ ಲೆಕ್ಕ ಹಾಕಿದರು: ಈಗ ಹೊರಟರೆ ಐದಕ್ಕೆ. ಒಂದಕ್ಕೆ ಮತ್ತೆ ಹಾಕಿದರು. ಆಮೇಲೆ ಹಾಕಲಿಲ್ಲ.

ಸಂಜೆ ಮಂಜರಿ, ಮರುದಿನ ಮನೆಯ ಮುಂದೆ ನಿಲ್ಲಿಸುವ ಗುಢಿಯ ಕೋಲಿಗೆ ಕಟ್ಟುವ ರೇಷ್ಮೆ ಬಟ್ಟೆಗೆ ಇಸ್ತ್ರಿ ಮಾಡುತ್ತಿದ್ದಳು. ಪಕ್ಕದಲ್ಲಿಟ್ಟ ಫೋನ್ ಮೇಲಿಂದ ಮೇಲೆ ಸದ್ದು ಮಾಡಿತು. ಸಂದರ್ಶನದ ದಿನ ಅಭ್ಯರ್ಥಿಗಳು ಕೂಡಿ ಮಾಡಿಕೊಂಡ ಗುಂಪು ಅದು. ಇಸ್ತ್ರಿಪೆಟ್ಟಿಗೆ ನಿಲ್ಲಿಸಿ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಎದ್ದು ಬಂದು, ಟೀವಿಯ ಮುಂದೆ ಕೂತಿದ್ದ ತಂದೆಗೆ ಫೋನ್ ಕೊಟ್ಟಳು.

ಫೋಟೋದಲ್ಲಿ ಕಪ್ಪು ಬಂಡೆಗಳು ದೂರದವರೆಗೂ ಬಯಲಾಗಿದ್ದವು. ಮೊಣಕಾಲುಮಟ್ಟ ನೀರಿನಲ್ಲಿ ಹುಡುಗಿಯರು, ಹುಡುಗರು ಸಾಲಾಗಿ ಹಗ್ಗ ಹಿಡಿದಿದ್ದರು. ಒಬ್ಬಳು ಕೆಂಪು ಪಾಚಿಯ ಗೊಂಚಲೊಂದನ್ನು ಎತ್ತಿ ತೋರಿಸಿ ನಗುತ್ತಿದ್ದಳು.

"ಇಕಿ ಇಂದಾಪುರದಾಕಿ," ಎಂದಳು ಮಂಜರಿ. "ಸಂದರ್ಶನದಾಗ ನನ್ನ ಬಾಜೂಕ ಕೂತಿದ್ಲು. ಮುಂಜಾನೆ ನಿಮಗ ಏನಂದಿದ್ರು ಅಪ್ಪಾ?"

ರಾಯರು ಟೀವಿಯ ದನಿ ತಗ್ಗಿಸಿದರು. "ಟ್ಯಾಕ್ಸಿ ಮಾಡಿ ಕಳಸ್ರಿ ಅಂದ್ರು."

ಸುಲಭಾ ಅಡುಗೆಮನೆಯಿಂದ ಹೊರಗೆ ಬಂದರು. "ಹಂಗಂದಿದ್ರ?" ಎಂದು ಗಂಡನನ್ನು ಕೇಳಿದರು. "ಮತ್ತ ನನಗ್ಯಾಕ ಹೇಳಲಿಲ್ಲ ನೀವು? ನಾ ಅಳತಿದ್ದೆ, ಖರೆ. ಅತ್ತು ಸುಮ್ಮನಾಗ್ತಿದ್ದೆ."

ಮಂಜರಿ ಫೋನ್ ತೆಗೆದುಕೊಂಡು ಹೋಗಿ, ಉಳಿದ ಅರ್ಧ ಬಟ್ಟೆಗೆ ಇಸ್ತ್ರಿ ಮಾಡಿ ಮುಗಿಸಿದಳು. ಮಡಿಕೆಗಳನ್ನು ಒಂದೊಂದಾಗಿ ಕೈಯಿಂದ ಸವರಿ ಸರಿಮಾಡಿದಳು.

ಮುಂದಿನ ವಾರ ಇಪ್ಪತ್ತು ಹೆಸರುಗಳು ಪ್ರಕಟವಾದವು. ಅದರ ಮರುದಿನ ಮಂಜರಿ, ಮನೆಯಲ್ಲಿ ಯಾರನ್ನೂ ಕೇಳದೆ, ಸದಾಶಿವ ಪೇಠೆಯಲ್ಲೇ ಇದ್ದ ಕೋಚಿಂಗ್ ಕ್ಲಾಸೊಂದರಲ್ಲಿ ಜೀವಶಾಸ್ತ್ರ ಕಲಿಸುವ ಕೆಲಸಕ್ಕೆ ಸೇರಿದಳು.