ಕುಂಟೆತ್ತಿನ ಹಾದಿ

ಒಲೆಯ ಪಕ್ಕ ಒಣಗಲು ಇಟ್ಟಿದ್ದ ಜೋಡಿ ಮಣ್ಣೆತ್ತುಗಳಲ್ಲಿ ಒಂದರ ಬೆನ್ನನ್ನು ನಂದಾ ಮತ್ತೆ ಒದ್ದೆ ಬೆರಳಿನಿಂದ ಸವರಿದಳು. ಎಲ್ಲೂ ಬಿರುಕಿಲ್ಲ. ಕೊಂಬು ಸರಿ, ಬೆನ್ನ ಮೇಲಿನ ಹಿಣಿಲು ಸರಿ, ಕಣ್ಣಿಗೆ ಒತ್ತಿದ ಜೋಳದ ಕಾಳೂ ಸರಿ. ಆದರೂ ಎತ್ತು ಜೀವವಿಲ್ಲದಂತೆ ಸುಮ್ಮನೆ ನಿಂತಿತ್ತು.

"ಎಷ್ಟ ತಿಕ್ಕತೀಯವಾ? ಸವದ ಹೋದೀತು," ಎಂದಳು ಅಜ್ಜಿ ನೀಲಕ್ಕ, ರೊಟ್ಟಿ ಬಡಿಯುತ್ತಲೇ. "ಎತ್ತು ಹೋಗಿ ಮದಲಿಂಗ ಆತಿದು. ಬಾಸಿಂಗ ಒಂದ ಕಟ್ಟೂದ ಬಾಕಿ."

ನಂದಾಳಿಗೆ ನಗು ಬರಲಿಲ್ಲ. ಅವಳು ಹುಬ್ಬಳ್ಳಿಯಲ್ಲಿ ಅನಿಮೇಶನ್ ಕಲಿಯುತ್ತಿದ್ದಳು. ಎರಡು ನಿಮಿಷದ ಚಿತ್ರಕ್ಕೆ ಪ್ರತಿಯೊಬ್ಬರೂ ಒಂದು ಪಾತ್ರವನ್ನೂ ಅದು ಬಾಳುವ ಜಾಗವನ್ನೂ ಕಟ್ಟಿಕೊಂಡು ಬರಬೇಕು. ತರಗತಿಯೆಲ್ಲ ಸೇರಿ ಮಾಡುವುದು ಅವುಗಳಲ್ಲಿ ಒಂದನ್ನೇ. ಆಯ್ಕೆ ಇವತ್ತು ಮಧ್ಯಾಹ್ನ. ಮಣ್ಣೆತ್ತಿನ ಅಮವಾಸ್ಯೆಗೆಂದು ಅಜ್ಜಿಯ ಊರು ತಂಬೂರಿಗೆ ಬಂದವಳು ಹುತ್ತದ ಮಣ್ಣು ಕಲಸಿ ಎತ್ತು ಮಾಡಿದ್ದಳು. ರಟ್ಟಿನ ಡಬ್ಬಿಯೊಳಗೆ ಸುಣ್ಣದ ಗೋಡೆ, ಮೇವು ತುಂಬಿದ ಗ್ವಾದಲಿ ಎಲ್ಲ ಕೂಡಿಸಿದ್ದಳು. ಫೋಟೋ ನೋಡಿದ ಮೇಡಂ ನಿನ್ನೆ ಫೋನಿನಲ್ಲಿ ಒಂದೇ ಮಾತು ಕೇಳಿದ್ದರು: "ಚಂದ ಐತಿ ನಂದಾ. ಆದ್ರ ಇದಕ್ಕ ಏನ್ ಬೇಕಾಗೇತಿ?"

"ಅಜ್ಜಿ, ಈ ಎತ್ತಿಗೆ ಏನ್ ಬೇಕಂತಿ?"

"ಮುಂದ ಮೇವೈತಿ, ಪೂಜಿ ಆಗೇತಿ, ಹೋಳಗಿ ಎಡಿ ಹಿಡದೇವಿ. ಇನ್ನೇನ್, ಹೆಂಡತಿ ಬೇಕೇನ ಅದಕ್ಕ?"

ಅಷ್ಟರಲ್ಲಿ ಬಾಗಿಲಲ್ಲಿ ಗದ್ದಲ. "ಕುಂಟೆತ್ತ ಬಂತ್ರೀ! ಜ್ವಾಳಾ ನೀಡ್ರೀ!"

ಅಮವಾಸ್ಯೆಯ ಮರುದಿನ ಓಣಿಯ ಮಕ್ಕಳು ಮಣ್ಣೆತ್ತಿನ ಒಂದು ಕಾಲು ಮುರಿದು ಮನೆಮನೆಗೆ ಹೊತ್ತು ತರುವುದು ನಂದಾಳೂ ಆಡಿ ಬಿಟ್ಟ ಆಟವೇ. ಮುಂದೆ ನಿಂತವಳು ಬಾಜೂ ಮನೆಯ ಶಬೀನಾ. ತಾಟಿನ ಮೇಲೆ ಮೂರು ಕಾಲಿನ ಎತ್ತು. ಬೀಳದಂತೆ ಅವಳ ಹೆಬ್ಬೆರಳು ಅದರ ಪಕ್ಕೆಗೆ ಆನಿಕೊಂಡಿತ್ತು.

ಮೊರದಲ್ಲಿ ಜೋಳ ತಂದ ನೀಲಕ್ಕ ಬೇಕೆಂದೇ ಕಾಡಿದಳು. "ಯಾಕ ಬಂತವಾ ನಿಮ್ಮೆತ್ತು?"

"ಹಸದೈತ್ರಿ ಅಜ್ಜಿ. ಇದರ ಜೋಡಿ ಇದನ್ನ ಬಿಟ್ಟ ಹೊಲಕ್ಕ ಹೋಗೇತಿ."

"ಬಾಜೂ ಮನ್ಯಾಗ ಆಗಲೇ ತಿಂದ ಬಂತಲ್ಲ?"

"ಅಲ್ಲಿ ಒಂದ ಚೂರ್ ನೀಡ್ಯಾರ್ರಿ. ಮಲಿಕಾಬಿ ಅಗದಿ ಜಿಪುಣಿ."

"ಲೇ, ಅಕಿ ನಿಮ್ಮವ್ವ ಅಲ್ಲೇನ?"

"ಹೌದ್ರಿ. ಅದಕ್ಕ ಗೊತ್ತೈತಿ."

ಜೋಳ ಬಿತ್ತು, ಮಕ್ಕಳು ಹೊರಟವು. ನಂದಾ ಬರಿಗಾಲಲ್ಲೇ ಬೆನ್ನು ಹತ್ತಿದಳು, ಫೋನನ್ನು ತಾಟಿನ ಎತ್ತರಕ್ಕೆ ಇಳಿಸಿ. ಅಲ್ಲಿಂದ ನೋಡಿದರೆ ಓಣಿಯೇ ಬೇರೆ. ಕಟ್ಟೆಗಳು ಗುಡ್ಡ, ಅರೆ ತೆರೆದ ಬಾಗಿಲೊಳಗೆ ಕತ್ತಲು, ಮೇಲಿನಿಂದ ಕಾಳು ಹಿಡಿದು ಇಳಿಯುವ ದೊಡ್ಡ ದೊಡ್ಡ ಕೈಗಳು. ಶಬೀನಾ ಹೆಜ್ಜೆ ಇಟ್ಟಾಗಲೆಲ್ಲ ಎತ್ತು ವಾಲುತ್ತಿತ್ತು, ವಾಲುತ್ತಲೇ ಮುಂದೆ ಹೋಗುತ್ತಿತ್ತು. ತಾನು ಕಟ್ಟಿದ ಗೋಡೆಯಲ್ಲಿ ಒಂದು ಬಾಗಿಲೂ ಇಲ್ಲವೆಂಬುದು ನಂದಾಳಿಗೆ ಆಗ ನೆನಪಾಯಿತು.

ಮನೆಗೆ ಓಡಿ ಬಂದು ತನ್ನ ಎತ್ತಿನ ಮುಂಗಾಲು ಹಿಡಿದಳು. ಮುರಿಯಲು ಬೆರಳು ಬಗ್ಗಲಿಲ್ಲ.

"ಅಜ್ಜೀ, ನೀನ ಮುರಿ."

"ಪೂಜಿ ಮಾಡಿದ ಕೈಲೇ ನಾ ಮುರೀಲ್ಯಾ? ಅದು ಹುಡುಗ್ರ ಹಕ್ಕು."

"ಮುರದ ಮ್ಯಾಲೆ ಮೇಡಂ ಒಲ್ಲೆ ಅಂದ್ರ?"

"ಕುಂಟೆತ್ತಿಗೆ ಒಲ್ಲೆ ಅಂದ ಮನಿ ನಾ ನೋಡಿಲ್ಲವಾ," ಎಂದು ನೀಲಕ್ಕ ಒಲೆಯತ್ತ ತಿರುಗಿ, ವಚನವೊಂದನ್ನು ಗುಣುಗುಣಿಸತೊಡಗಿದಳು.

ನಂದಾಳ ಕೈಯಲ್ಲಿ ಕಾಲು ಚಟ್ಟೆಂದಿತು. ವಚನ ಅರ್ಧಕ್ಕೆ ನಿಂತು, ಮತ್ತೆ ಮುಂದುವರಿಯಿತು. ನಂದಾ ಚಾಕು ತೆಗೆದುಕೊಂಡು ಸುಣ್ಣದ ಗೋಡೆಯಲ್ಲಿ ಒಂದು ಬಾಗಿಲು ಕೊಯ್ದಳು. ಒಳಗಿನ ಗ್ವಾದಲಿಯನ್ನು ಕಿತ್ತು, ಮನೆಯಲ್ಲೇ ಉಳಿಯುವ ಇನ್ನೊಂದು ಎತ್ತಿನ ಮುಂದೆ ಇಟ್ಟಳು.

ಹುಬ್ಬಳ್ಳಿ ಬಸ್ಸಿನಲ್ಲಿ ಡಬ್ಬಿ ಅವಳ ತೊಡೆಯ ಮೇಲಿತ್ತು, ಹೆಬ್ಬೆರಳು ಎತ್ತಿನ ಪಕ್ಕೆಯ ಮೇಲೆ. ಏನ್ ಬೇಕಾಗೇತಿ ಎಂದಿದ್ದ ಮೇಡಂಗೆ ಹೇಳುವ ಉತ್ತರವನ್ನು ಮನಸ್ಸಿನಲ್ಲೇ ಜೋಡಿಸುತ್ತಿದ್ದಳು. ಕಲಘಟಗಿಯಲ್ಲಿ ಹತ್ತಿದ ಹೆಂಗಸೊಬ್ಬಳು ಬಾಜೂ ಕುಳಿತು, ಚುರಮುರಿ ಮುಕ್ಕುತ್ತ ಡಬ್ಬಿಯೊಳಗೆ ಇಣುಕಿದಳು. ಪೊಟ್ಟಣದಿಂದ ಒಂದು ಚಿಟಿಕೆ ಚುರಮುರಿ ತೆಗೆದು, ಆ ಪುಟ್ಟ ಬಾಗಿಲ ಮುಂದೆ ಹಾಕಿ, ಕಿಟಕಿಯತ್ತ ಮುಖ ತಿರುಗಿಸಿದಳು.

ಮುಂದಿನ ತಗ್ಗಿನಲ್ಲಿ ಬಸ್ಸು ಕುಲುಕಿತು. ಎತ್ತು ಮುಂದಕ್ಕೆ ವಾಲಿತು. ಅದರ ಮೂತಿ ಚುರಮುರಿಗೆ ಮುಟ್ಟಿತು.