ಅಯ್ಯನವರ ಕಾಲುಗುರು

ರುದ್ರಸ್ವಾಮಿ ಅಯ್ಯನವರು ಸರಗೂರಿನ ಸುತ್ತಲಿನ ಹಳ್ಳಿಗಳಲ್ಲಿ ಬರಿಗಾಲಲ್ಲಿ ತಿರುಗುವ ಜಂಗಮರು. ದಿನಕ್ಕೆ ಒಂದೇ ಊಟ. ಆ ವರ್ಷ ಅವರ ಮೈ ಬಿಳುಪೇರಿತ್ತು. ಮಾತಿನ ನಡುವೆ ನಿಂತುಬಿಡುತ್ತಿದ್ದರು. ಜಗಲಿಯ ಮೆಟ್ಟಿಲು ಹತ್ತಿದರೆ ಬಹಳ ಹೊತ್ತು ಕಣ್ಣು ಮುಚ್ಚಿ ಕೂರುತ್ತಿದ್ದರು. ಊರಿನವರು ಅದನ್ನು ತಪಸ್ಸಿನ ಕಳೆ ಎಂದರು. ನನಗೂ ಹಾಗೆಯೇ ಅನ್ನಿಸಿತ್ತು. ಅವರ ಮೌನದ ಎದುರು ಕೂತರೆ ನನ್ನೊಳಗಿನ ಗದ್ದಲ ಅಡಗುತ್ತಿತ್ತು.

ಶಿವರಾತ್ರಿಗೆ ಉಪವಾಸವಿದ್ದು ಮಾದೇಶ್ವರನ ಬೆಟ್ಟಕ್ಕೆ ನಡೆದೇ ಹೋಗುವುದಾಗಿ ಅಯ್ಯನವರು ಸಂಕಲ್ಪ ಮಾಡಿದ್ದರು. ಹೊರಡುವ ದಿನ ಬೆಳಿಗ್ಗೆ ನಮ್ಮ ಮನೆಯಲ್ಲಿ ಪಾದಪೂಜೆ. ಪಡಸಾಲೆ ತುಂಬ ಜನ. ಅಣ್ಣ ಕಂಠಪ್ಪ ನೀರು ಎರೆಯುತ್ತಿದ್ದ, ಅತ್ತಿಗೆ ವೀರಮ್ಮ ಪಾದ ತೊಳೆಯುತ್ತಿದ್ದರು. ಆ ಹೊತ್ತಿನಲ್ಲಿ ಅದು ಯಾರಿಗೂ ಮನುಷ್ಯನ ಕಾಲಾಗಿ ಕಾಣುವುದಿಲ್ಲ. ಎಲ್ಲರ ಕಣ್ಣೂ ಅರ್ಧ ಮುಚ್ಚಿರುತ್ತದೆ.

ಅತ್ತಿಗೆಯ ಕೈ ನಿಂತಿತು. ಅಯ್ಯನವರ ಹೆಬ್ಬೆರಳಿನ ಉಗುರು ನಡುವೆ ತಗ್ಗಾಗಿ, ಅಂಚು ಮೇಲೆದ್ದು, ಚಮಚದ ಹಾಗಿತ್ತು. ಉಳಿದ ನೀರೆಲ್ಲ ಜಾರಿಹೋದರೂ ಒಂದು ಹನಿ ಆ ತಗ್ಗಿನಲ್ಲಿ ನಿಂತಿತ್ತು. ಉಗುರಿನಡಿ ಕೆಂಪಿನ ಸುಳಿವೇ ಇರಲಿಲ್ಲ.

"ಯಾಕಮ್ಮೀ, ಅಂಗೇ ಕೂತ್ಬುಟ್ಟೆ? ಈಬೂತಿ ಅಚ್ಚು" ಎಂದು ಅಣ್ಣ ಪಿಸುಗುಟ್ಟಿದ.

"ವಸಿ ತಡೀರಿ." ಅತ್ತಿಗೆ ತಲೆಯೆತ್ತಿದರು. "ಬುದ್ದೀ, ಕಣ್ಣಿನ ಕೆಳಗ್ಲ ರೆಪ್ಪೆ ಎಳ್ದು ತೋರುಸ್ತೀರಾ?"

"ಪೂಜೆ ಮಾಡು ಅಂದ್ರೆ ಸಂತೇಲಿ ಎಮ್ಮೆ ನೋಡ್ದಂಗೆ ನೋಡ್ತಾವ್ಳಲ್ಲ!" ಎಂದಳು ಪಕ್ಕದ ಮನೆಯ ಗುರುಶಾಂತಮ್ಮ. ಒಂದಿಬ್ಬರು ನಕ್ಕರು.

ಅಣ್ಣನ ಮುಖ ಕೆಂಪಾಯಿತು. "ಅಯ್ಯನೋರ ಪಾದದಲ್ಲಿ ಕಾಯ್ಲೆ ಉಡುಕ್ತೀಯಾ? ಪಾಪ ಸುತ್ಕೊತದೆ ಕಣೇ."

"ಸುತ್ಕೊಳ್ಳಿ ಬುಡಿ. ನಮ್ಮಕ್ಕನ ಉಗುರೂ ಇಂಗೇ ಅಳ್ಳ ಬಿದ್ದಿತ್ತು. ಅರಿಸಿನದಲ್ಲಿ ಮುಚ್ಚೋಗಿ ಯಾರ್ಗೂ ಕಾಣ್ಲಿಲ್ಲ. ಎರಿಗೇಲಿ ಜೀವ ಬುಟ್ಲು. ಮೈಯಲ್ಲಿ ರಕ್ತಾನೇ ಇರ್ನಿಲ್ಲ ಅಂತ ಡಾಕ್ಟ್ರು ಆಮೇಲೆ ಉಗುರು ತೋರ್ಸಿ ಏಳುದ್ರು. ಬುದ್ದಿಯೋರು ಈಗ ಬೆಟ್ಟಕ್ಕೆ ಓದ್ರೆ ದಾರೀಲೇ ಬೀಳ್ತಾರೆ."

ಅಯ್ಯನವರು ನಿಧಾನವಾಗಿ ಕಣ್ಣಿನ ರೆಪ್ಪೆ ಎಳೆದು ತೋರಿಸಿದರು. ಒಳಗೆ ಸುಣ್ಣದ ಬಿಳುಪು.

"ಮೆಟ್ಲು ಅತ್ತುದ್ರೆ ಎದೆ ಒಡ್ಕೊಳ್ಳೋದೂ ಅದ್ಕೇನಾ, ತಾಯಿ?"

"ಊಂ, ಬುದ್ದಿ."

ಅಯ್ಯನವರು ಕೂಡಿದ್ದ ಜನರತ್ತ ತಿರುಗಿದರು. "ನೀವು ತಪಸ್ಸು ಅಂದ್ರಿ. ಕೇಳಿ ಕೇಳಿ ನಾನೂ ನಂಬ್ಬುಟ್ಟೆ ಕಣ್ರಪ್ಪಾ. ಮಾತಿನ ಮಧ್ಯೆ ಸುಮ್ಕಾಗ್ತಿದ್ದದ್ದು ಉಸ್ರು ಸಾಲ್ದೆ."

ಅಷ್ಟು ಜೋಡಿಸಿದ ಕೈಗಳ ಎದುರು ತನ್ನ ಹಿರಿಮೆಯನ್ನು ಹೀಗೆ ಕೆಳಗಿಟ್ಟ ಮನುಷ್ಯನನ್ನು ನಾನು ಮತ್ತೆ ಕಂಡಿಲ್ಲ. ಅದನ್ನು ಕೆಳಗಿಡಿಸಿದ ಅತ್ತಿಗೆ ಅವರ ಪಾದವನ್ನು ಸೆರಗಿನಿಂದ ಒರೆಸುತ್ತಿದ್ದರು.

"ಸಂಕಲ್ಪ, ಬುದ್ದಿ?" ಅಣ್ಣ ತೊದಲಿದ.

"ಮಾದಪ್ಪ ಎಲ್ಲಿಗೂ ಓಗಲ್ಲ. ನೀನು ಗಾಡಿ ಕಟ್ಟು."

ಸರಗೂರಿನ ಡಾಕ್ಟರು ಮಲ ಪರೀಕ್ಷೆ ಮಾಡಿಸಿದರು. ಬರಿಗಾಲಿನ ಚರ್ಮ ಹೊಕ್ಕ ಹುಳು ಕರುಳಿನಲ್ಲಿ ಕೂತು ರಕ್ತ ಹೀರುತ್ತಿದೆ ಎಂದರು. ಹುಳುವಿಗೆ ಔಷಧಿ, ರಕ್ತಕ್ಕೆ ಕಬ್ಬಿಣದ ಮಾತ್ರೆ, ಎರಡು ಹೊತ್ತು ಊಟ, ಕಾಲಿಗೆ ಚಪ್ಪಲಿ. ಉಗುರು ತಾನಾಗಿ ಸರಿಹೋಗುತ್ತದೆ, ಆದರೆ ತಿಂಗಳುಗಟ್ಟಲೆ ಬೇಕು ಎಂದೂ ಹೇಳಿದರು.

ಮಳೆಗಾಲ ಕಳೆದ ಮೇಲೆ ಅಯ್ಯನವರು ಮತ್ತೆ ಬಂದರು, ಚಪ್ಪಲಿ ಮೆಟ್ಟಿಕೊಂಡು. ಗುರುಶಾಂತಮ್ಮನ ಮನೆಯಲ್ಲಿ ಪೂಜೆಗೆ ಮಣೆ ಹಾಕಿದ್ದರು. ಅಯ್ಯನವರು ಕೂರಲಿಲ್ಲ.

"ಮೊದ್ಲು ನಿನ್ ಕಾಲುಗುರು ತೋರ್ಸವ್ವ."

"ಅಯ್ಯೋ, ಬುಡ್ತು ಅನ್ನಿ ಬುದ್ದಿ!" ಆಕೆ ಸೀರೆಯಂಚಿನಲ್ಲಿ ಪಾದ ಮುಚ್ಚಿಕೊಂಡಳು.

ಅಯ್ಯನವರು ಆಕೆಯ ಎದುರು ನೆಲದ ಮೇಲೆ ಕೂತು, ಬಾಗಿ, ಕಾದರು.