ನಾಲ್ಕು ಮೊಳ ದೂರ

"ಅವನು ಕೇಳಿದ್ದೇ ಸರಿ! ಸರಿಯಾಗೇ ಕೇಳಿದ್ದ!" ಎಂದು ಕೂಗುತ್ತಾ ಲಾಜರ್ ಗುಟ್ಕಿಂಡ್ ಮೇಷ್ಟ್ರು ಬಸ್ಸಿನಿಂದ ಇಳಿದವರೇ ಸ್ಮಶಾನದ ಗೇಟಿನ ಕಡೆಗೆ ಓಡತೊಡಗಿದರು. ಎಪ್ಪತ್ತೊಂಬತ್ತರ ಮುದುಕ ಓಡುವುದನ್ನು ಓಟ ಎನ್ನಬಹುದಾದರೆ ಅದು ಓಟವೇ. ಎದೆಗೆ ಅವಚಿಕೊಂಡ ದಪ್ಪ ಪುಸ್ತಕ, ಗುಂಡಿ ಹಾಕದ ಕೋಟು, ನೆಲದ ಮೇಲೆ ಎಳೆದಾಡುವ ಬೂಟಿನ ದಾರ. ಲೀಡ್ಸ್‌ನ ಮಾರ್ಚ್ ತಿಂಗಳ ಗಾಳಿ ಟೋಪಿಯನ್ನು ಕಿತ್ತುಕೊಳ್ಳಲು ನೋಡಿದರೆ, ಅವರು ಪುಸ್ತಕದ ಮೂಲೆಯಿಂದಲೇ ಅದನ್ನು ತಲೆಗೆ ಒತ್ತಿಕೊಂಡರು.

ಗೇಟಿನ ಬಳಿ ಮೂವತ್ತು ಜನ ಸೇರಿದ್ದರು. ಹೆಚ್ಚಿನವರು ಗುರುವಾರದ ಪಾಠದವರು. ಎಲ್ಲರ ಮುಂದೆ ಬ್ಲೂಮಾ ನಿಂತಿದ್ದಳು. ಐವತ್ತು ವರ್ಷ ಹೊಲಿಗೆ ಮಾಡಿದ ಕೈ, ಅದಕ್ಕಿಂತ ಚೂಪಾದ ನಾಲಿಗೆ.

"ಅಯ್ಯೋ, ಮೇಷ್ಟ್ರಿಗೆ ತಲೆ ಕೆಟ್ಟಿತು. ದುಃಖ ಕೆಲವರಿಗೆ ಹೀಗೂ ಏರುತ್ತೆ," ಎಂದಳು.

"ಕೆಟ್ಟಿಲ್ಲ ಬ್ಲೂಮಾ, ಈಗ ನೆಟ್ಟಗಾಗಿದೆ. ಗುರುವಾರ ಝೆಲಿಗ್ ಕೇಳಿದ್ನಲ್ಲ, ಅದೇ ಪ್ರಶ್ನೇನ ಎಂಟುನೂರು ವರ್ಷದ ಹಿಂದೆ ಒಬ್ಬ ಪಂಡಿತ ಕೇಳಿದ್ದಾನೆ! ಪುಸ್ತಕದ ಕೊನೇಲಿದೆ, ಇರುವೆ ಸಾಲಿನಂಥ ಅಕ್ಷರದಲ್ಲಿ. ಯಾವನು ಅಲ್ಲೀತನಕ ತಿರುವಿ ನೋಡ್ತಾನೆ? ಬೆಳಿಗ್ಗೆ ಸಿಕ್ತು. ಕಾಫಿ ಕುಡಿಯೋದೂ ಮರೆತು ಬಂದೆ. ಎಲ್ಲಿ ಅವನು? ಅವನಿಗೆ ಹೇಳಬೇಕು."

"ಯಾರಿಗೆ?" ಎಂದರು ರಬ್ಬಿ ಕೆಸ್ಟ್ನರ್. ಮೂವತ್ತೊಂದರ ಹುಡುಗ, ನಮ್ಮ ಸಿನಗಾಗಿಗೆ, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರಕ್ಕೆ, ಗುರುವಾಗಿ ಬಂದು ಎರಡು ವರ್ಷವಾಗಿತ್ತು.

"ಝೆಲಿಗ್‌ಗೆ."

"ಮೇಷ್ಟ್ರೇ, ಅವರು ಪೆಟ್ಟಿಗೆಯೊಳಗಿದ್ದಾರೆ."

"ಗೊತ್ತು ಕಣಪ್ಪ. ಅದಕ್ಕೇ ಓಡಿ ಬಂದೆ. ಮಣ್ಣು ಮುಚ್ಚೋದರೊಳಗೆ ಹೇಳಬೇಡವಾ?"

ರಬ್ಬಿ ಅವರ ಕೈಯಿಂದ ಪುಸ್ತಕವನ್ನು ಮೆಲ್ಲಗೆ ಬಿಡಿಸಿಕೊಂಡು ಕಾವಲಿನವನ ಕೋಣೆಯ ಗೂಡಿನಲ್ಲಿಟ್ಟರು. ಧರ್ಮಗ್ರಂಥವನ್ನು ಸಮಾಧಿಗಳ ನಡುವೆ ತೆರೆಯುವಂತಿಲ್ಲ. ಅದನ್ನು ಮೇಷ್ಟ್ರಿಗೆ ಬೇರೆ ಹೇಳಬೇಕೆ? ಇಪ್ಪತ್ತು ಜನಕ್ಕೆ ಅದನ್ನು ಕಲಿಸಿದವರೇ ಅವರು. ಇವತ್ತು ಅವರಿಗೆ ಯಾವುದೂ ನೆನಪಿನಲ್ಲಿರಲಿಲ್ಲ.

ಆಗ ಝೆಲಿಗ್‌ನ ಮಗಳು ಹೆಟ್ಟಿ ಮುಂದೆ ಬಂದಳು. ಪದ್ಧತಿಯಂತೆ ಅವಳ ಕೋಟಿನ ಎದೆಯ ಅಂಚನ್ನು ಹರಿದಿದ್ದರು. ಕಣ್ಣು ಒಣಗಿತ್ತು.

"ಬಂದ್ರಲ್ಲ ಲಾಜರ್ ಅಂಕಲ್. ಒಳ್ಳೇದಾಯ್ತು. ನಾಲ್ಕು ಜನರ ಮುಂದೆ ನಮ್ಮಪ್ಪನ ಮಾನ ಕಳೆದಿದ್ರಿ. ನಾಲ್ಕು ಜನರ ಮುಂದೇನೇ ಆ ಮಾತು ವಾಪಸ್ ತಗೊಳ್ಳಿ. ಇಲ್ಲಾಂದ್ರೆ ಸಲಿಕೆ ಮುಟ್ಟಬೇಡಿ."

"ಅದಕ್ಕೇ ಬಂದಿದೀನಿ ಕಣಮ್ಮ."

"ಅಪ್ಪ ಏನು ಕೇಳಿದ್ರು ಅಂತಾನೂ ನಂಗೆ ಹೇಳಲಿಲ್ಲ. ಕೋಟು ತೆಗೆದಿಟ್ಟು, ಇನ್ಮೇಲೆ ಗುರುವಾರ ಮನೇಲೇ ಇರ್ತೀನಿ ಅಂದ್ರು. ಅಷ್ಟೇ."

ಮೇಷ್ಟ್ರಿಗೆ ಓಡಿದ್ದರಿಂದ ಹತ್ತದ ಏದುಸಿರು ಈ ಮಾತಿಗೆ ಹತ್ತಿತು.

*

ಝೆಲಿಗ್ ಹಾರ್ನಿಕ್ ಮೂವತ್ತೆಂಟು ವರ್ಷ ಸೂಟು ಹೊಲಿಯುವ ಕಾರ್ಖಾನೆಯಲ್ಲಿ ಇಸ್ತ್ರಿ ಮಾಡಿದವನು. ಕಾರ್ಖಾನೆ ಬಾಗಿಲು ಹಾಕಿದ ಚಳಿಗಾಲದಲ್ಲಿ, ಮನೆಯಲ್ಲಿ ಕೂತು ಹೆಂಡತಿಯ ಕಾಲಿಗೆ ತೊಡರಿಕೊಳ್ಳುವ ಬದಲು ಸಿನಗಾಗಿನ ಹಿಂದಿನ ಕೋಣೆಗೆ ಬಂದು ಕೂತ. ಅಲ್ಲಿ ಹೀಟರ್ ಚೆನ್ನಾಗಿತ್ತು. ಗುರುವಾರ ಬೆಳಿಗ್ಗೆ ಹತ್ತಕ್ಕೆ ಅಲ್ಲಿ ಧರ್ಮಶಾಸ್ತ್ರದ ಪಾಠ ಎಂಬುದು ಅವನಿಗೆ ಗೊತ್ತಿರಲಿಲ್ಲ.

ಇಬ್ಬಿಬ್ಬರು ಜೋಡಿಯಾಗಿ ಕೂತು, ಒಬ್ಬ ಓದಿ ಇನ್ನೊಬ್ಬ ತಕರಾರು ತೆಗೆದು ಕಲಿಯುವುದು ನಮ್ಮ ಪದ್ಧತಿ. ತಕರಾರಿಲ್ಲದೆ ಓದಿದ್ದು ಮೈಗೆ ಹತ್ತುವುದಿಲ್ಲ ಎಂದು ನಂಬಿದ ಜನ ನಾವು. ಆಗಿದ್ದ ಹಳೆಯ ರಬ್ಬಿ ಅವನನ್ನು ಲಾಜರ್ ಮೇಷ್ಟ್ರ ಪಕ್ಕ ಕೂರಿಸಿದರು. ಮೇಷ್ಟ್ರು ಪಂಡಿತರ ಮಗ, ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವರು. ಪಾಠ ಮುಗಿದ ಮೇಲೆ ರಬ್ಬಿಯ ಹಿಂದೆ ಬಿದ್ದರು.

"ಇವನಿಗೆ ಅಕ್ಷರವೇ ಬರಲ್ಲ, ಸ್ವಾಮಿ."

"ನಿಮಗೆ ಬರುತ್ತಲ್ಲ. ಅವನಿಗೆ ಪ್ರಶ್ನೆ ಬರುತ್ತೆ. ಲೆಕ್ಕ ಸರಿಹೋಯ್ತು."

ಪ್ರಶ್ನೆ ಬರುತ್ತಿದ್ದದ್ದು ನಿಜ. ಇಬ್ಬರು ಒಂದೇ ಮೇಲಂಗಿಯನ್ನು ಹಿಡಿದುಕೊಂಡು ಬಂದು, ಇಬ್ಬರೂ ಪೂರ್ತಿ ನನ್ನದು ಎಂದರೆ ಏನು ಮಾಡಬೇಕು? ಇಬ್ಬರಿಗೂ ಅರ್ಧರ್ಧ ಎಂದು ಮೇಷ್ಟ್ರು ಓದಿದರು. ಝೆಲಿಗ್ ಕೈ ಎತ್ತಿದ. "ಅಸ್ತರು ಯಾರಿಗೆ ಮೇಷ್ಟ್ರೇ? ಅದಿರಲಿ, ಹೊಲಿದವನು ಯಾರು ಅಂತ ಒಬ್ಬರೂ ಕೇಳಲಿಲ್ಲವಲ್ಲ? ಹೊಲಿದವನನ್ನ ಕರೆಸಿದ್ರೆ ಒಂದೇ ನಿಮಿಷದಲ್ಲಿ ಹೇಳ್ತಾನೆ ಇದು ಯಾರ ಅಂಗಿ ಅಂತ." ಮೇಷ್ಟ್ರು ಅವತ್ತು ಮನೆಗೆ ಹೋಗಿ ಊಟ ಮಾಡದೆ ಪುಸ್ತಕ ಹುಡುಕಿದರು.

ಹೀಗೆ ಇಪ್ಪತ್ತಮೂರು ವರ್ಷ. ಒಂದೊಂದು ಪುಟಕ್ಕೆ ಒಂದೊಂದು ತಿಂಗಳು. ಮೇಷ್ಟ್ರ ಹೆಂಡತಿ ತೀರಿಕೊಂಡಾಗ ಝೆಲಿಗ್ ಸೂತಕದ ಏಳು ದಿನವೂ ಬಂದ. ಸಮಾಧಾನದ ಮಾತು ಅವನಿಗೆ ಬರುತ್ತಿರಲಿಲ್ಲ. ಅಡುಗೆಮನೆಯ ಮೇಜಿನ ಮೇಲೆ ಕಂಬಳಿ ಹಾಸಿ, ಮೇಷ್ಟ್ರ ಅಂಗಿಗಳನ್ನೆಲ್ಲ ಇಸ್ತ್ರಿ ಮಾಡಿ, ಒಂದರ ಮೇಲೊಂದು ಜೋಡಿಸಿಟ್ಟು ಹೋದ. ಅಷ್ಟು ಚೆನ್ನಾಗಿ ಮಡಚಿದ ಅಂಗಿಯನ್ನು ಬಿಚ್ಚಲು ಮೇಷ್ಟ್ರಿಗೆ ಮನಸ್ಸು ಬಂದಿರಲಿಲ್ಲ.

*

ಹೋದ ಗುರುವಾರ ಕಳೆದುಹೋದ ವಸ್ತುಗಳ ಪಾಠ. ಗುರುತಿಲ್ಲದ ವಸ್ತು ದಾರಿಯಲ್ಲಿ ಸಿಕ್ಕಿ, ಕಳೆದುಕೊಂಡವನು ಅದರ ಆಸೆ ಬಿಟ್ಟಿದ್ದರೆ, ಅದು ಸಿಕ್ಕವನಿಗೆ ಸೇರುತ್ತದೆ. ಕಳೆದದ್ದೇ ಅವನಿಗೆ ಇನ್ನೂ ಗೊತ್ತಿಲ್ಲದಿದ್ದರೆ? ಗೊತ್ತಾದಾಗ ಹೇಗೂ ಬಿಡುತ್ತಾನೆ, ಆದ್ದರಿಂದ ಈಗಲೇ ಬಿಟ್ಟ ಹಾಗೆ ಎಂದು ಒಬ್ಬ ಪಂಡಿತನ ವಾದ. ಇಲ್ಲ ಎಂದು ಇನ್ನೊಬ್ಬನದು.

"ಬಿಡ್ತಾನೆ ಅಂತ ಇವರಿಗೆ ಹೇಗೆ ಗೊತ್ತು?" ಎಂದ ಝೆಲಿಗ್. "ನಮ್ಮಮ್ಮ ಹಡಗು ಹತ್ತಿ ಈ ಕಡೆ ಬಂದ್ಲು, ಅವಳ ತಮ್ಮ ಆ ಕಡೇನೇ ಉಳಿದ. ಯುದ್ಧ ಆಯ್ತು. ಎಲ್ಲಾರೂ ಹೇಳಿದ್ರು, ಅವನಿಲ್ಲ ಬಿಡು ಅಂತ. ಅವಳು ಬಿಡಲಿಲ್ಲ. ಸಾಯೋವರೆಗೂ ಶುಕ್ರವಾರದ ಊಟಕ್ಕೆ ಒಂದು ತಟ್ಟೆ ಜಾಸ್ತಿ ಇಡ್ತಿದ್ಲು. ಇನ್ನೊಬ್ಬರ ಪರವಾಗಿ ಆಸೆ ಬಿಡೋಕೆ ಇವರ‍್ಯಾರು ಮೇಷ್ಟ್ರೇ?"

ಮೇಷ್ಟ್ರಿಗೆ ಉತ್ತರ ಹೊಳೆಯಲಿಲ್ಲ. ಉತ್ತರ ಹೊಳೆಯದ ಮೇಷ್ಟ್ರು ಏನು ಮಾಡುತ್ತಾರೋ ಅದನ್ನೇ ಇವರೂ ಮಾಡಿದರು. ರೇಗಿದರು.

"ಇಲ್ಲಿ ಕಾನೂನು ಓದ್ತಿದೀವಿ ಝೆಲಿಗ್, ನಿಮ್ಮಮ್ಮನ ಕಣ್ಣೀರನ್ನಲ್ಲ. ಇದು ಇಸ್ತ್ರಿಯವನ ಪ್ರಶ್ನೆ. ಹೋಗಿ ಇಸ್ತ್ರಿ ಪೆಟ್ಟಿಗೆ ಮುಂದೆ ಕೇಳು!"

ಝೆಲಿಗ್ ಪುಸ್ತಕ ಮುಚ್ಚಿ, ಅದಕ್ಕೆ ಮುತ್ತಿಟ್ಟು, ಟೋಪಿ ಹಾಕಿಕೊಂಡು ಎದ್ದು ಹೋದ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಶುಕ್ರವಾರ ಮೇಷ್ಟ್ರನ್ನು ಫೋನು ಎತ್ತಲು ಬಿಗುಮಾನ ಬಿಡಲಿಲ್ಲ. ಶನಿವಾರ ಸಬ್ಬತ್ತಿನ ವಿಶ್ರಾಂತಿ ದಿನ, ಫೋನು ಮುಟ್ಟುವಂತಿಲ್ಲ. ಭಾನುವಾರ ಬೆಳಿಗ್ಗೆ ಫೋನು ತಾನಾಗಿಯೇ ಹೊಡೆದುಕೊಂಡಿತು.

*

ಪೆಟ್ಟಿಗೆಯನ್ನು ಇಳಿಸಿದ್ದಾಗಿತ್ತು. ಬಣ್ಣವಿಲ್ಲದ, ಹಿಡಿಯಿಲ್ಲದ ಸಾದಾ ಮರ. ಮೊದಲ ಮಣ್ಣನ್ನು ಸಲಿಕೆಯ ಬೆನ್ನಿನಿಂದ ಹಾಕುತ್ತೇವೆ; ಈ ಕೆಲಸಕ್ಕೆ ನಮಗೆ ಅವಸರವಿಲ್ಲ ಎಂದು ತೋರಿಸಲು. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಕೊಡದೆ ಮಣ್ಣಿಗೆ ಚುಚ್ಚಿ ನಿಲ್ಲಿಸುತ್ತೇವೆ. ಸಲಿಕೆ ಆರು ಜನರನ್ನು ದಾಟಿ, ಈಗ ಮಣ್ಣಿನಲ್ಲಿ ನೆಟ್ಟಗೆ ನಿಂತಿತ್ತು. ಅದರ ಪಕ್ಕ ಹೆಟ್ಟಿ.

ಸತ್ತವರ ಕ್ಷಮೆ ಕೇಳಬೇಕಾದರೆ ಹತ್ತು ಜನ ಸಾಕ್ಷಿ ಬೇಕು. ರಬ್ಬಿ ಎಣಿಸಿ ನಿಲ್ಲಿಸಿದರು.

"ದೇವರಿಗೆ ತಪ್ಪು ಮಾಡಿದೀನಿ. ಇಲ್ಲಿ ಮಲಗಿರೋ ಝೆಲಿಗ್‌ಗೆ ತಪ್ಪು ಮಾಡಿದೀನಿ," ಎಂದರು ಮೇಷ್ಟ್ರು. "ಹೊಟ್ಟೆಗೆ ಹಾಕ್ಕೋ ಮಾರಾಯ. ನನಗೆ ಉತ್ತರ ಗೊತ್ತಿರಲಿಲ್ಲ. ಅದಕ್ಕೇ ಬೈದೆ. ಇಸ್ತ್ರಿಯವನ ಪ್ರಶ್ನೆ ಅಂದೆನಲ್ಲ, ಅದು ಪಂಡಿತನ ಪ್ರಶ್ನೆ ಕಣೋ! ಕೇಳಿಲ್ಲಿ, ಆ ಟಿಪ್ಪಣೀಲಿ ಏನಂತಾನೆ ಅಂದ್ರೆ, ಕಳೆದುಕೊಂಡವನು..."

ರಬ್ಬಿ ಅವರ ತೋಳು ಹಿಡಿದೆಳೆದರು. "ಇಲ್ಲಿ ಬೇಡ ಮೇಷ್ಟ್ರೇ! ಇನ್ನೆಂದೂ ಓದಲಾರದವನ ಮುಂದೆ ಓದೋದು ಹಸಿದವನ ಮುಂದೆ ಕೂತು ಉಂಡ ಹಾಗೆ. ಕ್ಷಮೆ ಕೇಳಿ, ಪಾಠ ಹೇಳಬೇಡಿ. ಸತ್ತವರಿಂದ ನಾಲ್ಕು ಮೊಳದೊಳಗೆ ಕೂಡದು."

"ಅವನು ಎಷ್ಟು ಸರಿ ಅಂತ ಹೇಳದೆ ಎಂಥಾ ಕ್ಷಮೆ? ಅರ್ಧ ಕ್ಷಮೆ ಆಯ್ತು!"

"ಹಾಗಾದ್ರೆ ನಾಲ್ಕು ಮೊಳ ಹಿಂದೆ ಸರಿದು ಹೇಳಲಿ," ಎಂದಳು ಬ್ಲೂಮಾ. ಅವಳ ಕೈ ಆಗಲೇ ಚೀಲದೊಳಗಿತ್ತು. ಅಳತೆ ಟೇಪು ಹೊರಗೆ ಬಂತು. "ಮೊಳಕ್ಕೆ ಹದಿನೆಂಟು ಇಂಚು. ನಾಲ್ಕಕ್ಕೆ ಎಪ್ಪತ್ತೆರಡು."

"ಹದಿನೆಂಟಲ್ಲ, ಇಪ್ಪತ್ತನಾಲ್ಕು ಅನ್ನೋರೂ ಇದ್ದಾರೆ," ಎಂದರು ಇನ್ನೊಬ್ಬರು.

"ಯಾರ ಕೈಯ ಮೊಳ? ಝೆಲಿಗ್ ಕೈ ಉದ್ದ ಇತ್ತು."

"ಪೆಟ್ಟಿಗೆಯಿಂದ ಅಳೀಬೇಕೋ ಗುಂಡಿಯ ಅಂಚಿಂದಲೋ?"

"ಗುಂಡಿ ಹತ್ತು ಅಂಗೈ ಅಗಲಕ್ಕಿಂತ ಆಳ ಇದ್ರೆ ಅದು ಬೇರೆ ಜಾಗ ಅಂತ ಲೆಕ್ಕ ಅಲ್ವಾ?"

"ಅದು ಸಬ್ಬತ್ತಿನ ನಿಯಮ ಕಣ್ರೀ, ಇದಕ್ಕೆ ಹೇಗೆ ಬರುತ್ತೆ?"

ದನಿಗಳು ಏರಿದವು. ಬ್ಲೂಮಾ ಮಂಡಿಯೂರಿ ಹುಲ್ಲಿನ ಮೇಲೆ ಟೇಪು ಎಳೆಯುತ್ತಿದ್ದಳು. ಮೇಷ್ಟ್ರು ಒಂದು ಕಡೆ, ರಬ್ಬಿ ಇನ್ನೊಂದು ಕಡೆ, ಕೈ ಬೀಸಿದ್ದೇ ಬೀಸಿದ್ದು. ಮುಖಗಳೆಲ್ಲ ಕೆಂಪಾಗಿ, ಗುರುವಾರ ಹನ್ನೊಂದು ಗಂಟೆಗೆ ಹೇಗಿರುತ್ತವೋ ಹಾಗೆ ಹೊಳೆಯುತ್ತಿದ್ದವು.

"ನಿಲ್ಲಿಸಿ!" ಎಂದು ಹೆಟ್ಟಿ ಕಿರುಚಿದಳು. "ಪಾಠ ಮಾಡಬಾರದು, ಪಾಠ ಮಾಡಬಾರದು ಅಂತ... ಈಗ ಮಾಡ್ತಿರೋದೇನು? ನಮ್ಮಪ್ಪನ ತಲೆ ಮೇಲೇ ನಿಂತು ಪಾಠ ಮಾಡ್ತಿದೀರಲ್ರೀ!"

ಬಿಸಿ ಮುಟ್ಟಿದವರಂತೆ ಮೂವತ್ತೂ ಜನ ದಡಬಡ ಹಿಂದಕ್ಕೆ ಸರಿದರು.

"ರಬ್ಬೀ, ಹುಷಾರು," ಎಂದಳು ಬ್ಲೂಮಾ ನೆಲದಿಂದಲೇ. "ನೀವೀಗ ಆಲ್ಫಿ ಬರ್ನ್‌ಬಾಮ್‌ನ ನಾಲ್ಕು ಮೊಳದೊಳಗಿದೀರಿ. ಮೇಷ್ಟ್ರೇ, ನೀವು ಅವನ ಅತ್ತೆಯ ಪಕ್ಕ."

ರಬ್ಬಿ ತಿರುಗಿ ನೋಡಿದರು. ಹಿಂದೆ ಸಮಾಧಿ, ಅದರ ಹಿಂದೆ ಸಮಾಧಿ, ಗೋಡೆಯವರೆಗೂ ಸಮಾಧಿ. ಇಲ್ಲಿ ಯಾರಿಂದ ದೂರ ಹೋದರೂ ಇನ್ನೊಬ್ಬರ ಮಗ್ಗುಲು. ಮೊದಲು ನಕ್ಕವಳು ಹೆಟ್ಟಿಯೇ. ನಗು ಎಲ್ಲಿಂದ ಬಂತೋ, ಬಂದದ್ದು ನಿಲ್ಲಲಿಲ್ಲ, ಅಳುವಾಗಿ ತಿರುಗುವವರೆಗೂ ನಕ್ಕಳು. ಎರಡು ದಿನದಲ್ಲಿ ಅವಳು ಅತ್ತದ್ದು ಅದೇ ಮೊದಲು.

"ಗೇಟಿನ ಹೊರಗೆ ಹೇಳಿ ಮೇಷ್ಟ್ರೇ," ಎಂದರು ರಬ್ಬಿ ತಗ್ಗಿದ ದನಿಯಲ್ಲಿ. "ಸತ್ತವರ ಮಾತನ್ನ ಅವರ ಹೆಸರು ಹಿಡಿದು ಹೇಳಿದ್ರೆ, ಮಣ್ಣೊಳಗೆ ಅವರ ತುಟಿ ಅಲ್ಲಾಡುತ್ತೆ ಅಂತಾರೆ ಹಿರಿಯರು. ಅದಕ್ಕೆ ದೂರದ ಲೆಕ್ಕ ಇಲ್ಲ."

ಹೆಟ್ಟಿ ಕಣ್ಣೊರೆಸಿಕೊಂಡು ಸಲಿಕೆಯಿಂದ ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು. "ಹಾಕಿ ಅಂಕಲ್," ಎಂದಳು. ಮೇಷ್ಟ್ರು ಸಲಿಕೆ ಕಿತ್ತುಕೊಂಡರು. ಮೂರು ಸಲ ಹಾಕುವುದು ವಾಡಿಕೆ. ಅವರು ನಿಲ್ಲಿಸಲಿಲ್ಲ, ರಬ್ಬಿ ಬಂದು ಬಿಡಿಸಬೇಕಾಯಿತು.

*

ಪ್ರಾರ್ಥನೆ ಮುಗಿಯಿತು. ಎರಡು ಸಾಲಾಗಿ ನಿಂತ ಜನರ ನಡುವೆ ಹೆಟ್ಟಿ ಸಮಾಧಾನದ ಮಾತು ಕೇಳುತ್ತ ನಡೆದು ಬಂದಳು. ಎಲ್ಲರೂ ಗೇಟಿನ ನಲ್ಲಿಯಲ್ಲಿ ಕೈ ತೊಳೆದರು. ಮೇಷ್ಟ್ರು ಒದ್ದೆ ಕೈಯನ್ನು ಕೋಟಿಗೆ ಒರೆಸಿಕೊಂಡವರೇ ಕಾವಲಿನವನ ಕೋಣೆಗೆ ನುಗ್ಗಿ ಪುಸ್ತಕ ತಂದರು. ರಸ್ತೆಬದಿಯಲ್ಲೇ ಜನ ಅವರನ್ನು ಸುತ್ತಿಕೊಂಡರು.

"ಹೆಟ್ಟಿ, ನೀವು ಮಾತ್ರ ಕಾರಲ್ಲಿ ಕೂತ್ಕೊಬೇಕು," ಎಂದರು ರಬ್ಬಿ ಸಂಕೋಚದಿಂದ. "ಸೂತಕದವರು ಏಳು ದಿನ ಪಾಠಕ್ಕೆ ಕೂರೋ ಹಾಗಿಲ್ಲ. ಓದೋದ್ರಲ್ಲಿ ಸಂತೋಷ ಇದೆಯಲ್ಲ, ಅದಕ್ಕೆ."

"ಇಪ್ಪತ್ತಮೂರು ವರ್ಷ ಅಪ್ಪ ಬಾ ಬಾ ಅಂತ ಕರೆದ್ರು, ಬರಲಿಲ್ಲ. ಬರಬೇಕು ಅನ್ನಿಸಿದ ದಿನ ನೀವು ಬೇಡ ಅಂತೀರಿ," ಎಂದು ಹೆಟ್ಟಿ ಕಾರಿನೊಳಗೆ ಕೂತು ಬಾಗಿಲು ಎಳೆದುಕೊಂಡಳು. ಗಾಜು ಮೇಲಿನವರೆಗೂ ಏರಿತ್ತು.

ಮೇಷ್ಟ್ರು ಪುಟ ಬಿಡಿಸಿ, ಗಾಳಿಗೆ ಹಾರದಂತೆ ಅಂಗೈ ಒತ್ತಿದರು.

"ಝೆಲಿಗ್ ಕೇಳ್ತಾನೆ..." ಎಂದು ಶುರುಮಾಡಿದರು.

"ಕೇಳಿದ್ದ ಅನ್ನಿ," ಎಂದಳು ಬ್ಲೂಮಾ ಮೆಲ್ಲಗೆ.

"ಕೇಳ್ತಾನೆ! ಎಂಟುನೂರು ವರ್ಷದ ಹಿಂದಿನ ಪಂಡಿತನಿಗೂ ಕೇಳಿದ್ದ ಅನ್ನಲ್ಲ, ಕೇಳ್ತಾನೆ ಅಂತೀವಿ. ನಿನ್ನೆ ಹೋದವನಿಗೆ ಯಾಕೆ ಬೇರೆ? ಝೆಲಿಗ್ ಕೇಳ್ತಾನೆ: ಆಸೆ ಬಿಡ್ತಾರೆ ಅಂತ ನೀವು ಹೇಗೆ ಹೇಳ್ತೀರಿ? ನಮ್ಮಮ್ಮ ಬಿಡಲಿಲ್ಲವಲ್ಲ?"

"ಪಂಡಿತ ಏನು ಉತ್ತರ ಕೊಡ್ತಾನೆ?" ಎಂದು ನಾಲ್ಕೈದು ಜನ ಒಟ್ಟಿಗೇ ಕೇಳಿದರು.

"ಕೊಡಲ್ಲ! ಅದೇ ಸ್ವಾರಸ್ಯ! ಇದೇ ಪ್ರಶ್ನೆ ಎತ್ತಿ, ನನಗೆ ತಿಳೀಲಿಲ್ಲ, ಇನ್ನೂ ಯೋಚಿಸಬೇಕು ಅಂತ ಬರೆದು ಬಿಟ್ಟಿದ್ದಾನೆ."

ಅಷ್ಟೇ ಸಾಕಾಯಿತು. "ಯಾಕಿಲ್ಲ ಉತ್ತರ?" ಎಂದು ಒಬ್ಬರು, "ತಾಳಿ, ವಸ್ತು ಬೇರೆ ತಮ್ಮ ಬೇರೆ," ಎಂದು ಇನ್ನೊಬ್ಬರು, "ತಮ್ಮನಿಗೆ ಗುರುತು ಇರುತ್ತೆ ಕಣ್ರೀ!" ಎಂದು ಬ್ಲೂಮಾ. ಬಸ್ಸು ಬಂದು ನಿಂತು ಬಾಗಿಲು ತೆರೆಯಿತು. ಯಾರೂ ಹತ್ತಲಿಲ್ಲ. ಡ್ರೈವರ್ ಸ್ವಲ್ಪ ಹೊತ್ತು ನೋಡಿ, ಬಾಗಿಲು ಮುಚ್ಚಿಕೊಂಡು ಹೊರಟುಹೋದ.

"ತಟ್ಟೆ ಇಡ್ತಿದ್ಲು ಅಂತಾನೆ," ಎಂದರು ಮೇಷ್ಟ್ರು, ಕಾರಿನ ಕಡೆ ತಿರುಗದೆ, ಬೇಕಾದ್ದಕ್ಕಿಂತ ಜೋರಾಗಿ. "ಪ್ರತಿ ಶುಕ್ರವಾರ, ಒಂದು ತಟ್ಟೆ ಜಾಸ್ತಿ."

ಕಾರಿನ ಗಾಜು ನಾಲ್ಕು ಬೆರಳಷ್ಟು ಕೆಳಗಿಳಿಯಿತು. ರಬ್ಬಿ ಅದನ್ನು ಕಂಡರು. ಕಂಡು, ಕೈಗಳನ್ನು ಹಿಂದೆ ಕಟ್ಟಿಕೊಂಡು, ಹೊರಟುಹೋದ ಬಸ್ಸಿನ ದಿಕ್ಕನ್ನೇ ಬಹಳ ಆಸಕ್ತಿಯಿಂದ ನೋಡುತ್ತ ನಿಂತರು.